ಮುಖದ ಕಲೆ ಕಳೆಯುವ ಕಲೆ

ಬ್ಯಾಂಕಿನ ಗುಮಾಸ್ತನಿಗೂ ಚರ್ಮವೈದ್ಯಕ್ಕೂ ಏನು ನಂಟು ಎಂದು ವಾಚಕರು ಕೇಳಬಹುದು. ಹಳೆಯ ಪಿಂಚಣಿದಾರರ ಕಾಗದಪತ್ರಗಳನ್ನು ತಿರುವಿ ನೋಡಿದವರಿಗೆ ಆ ನಂಟು ತಾನಾಗಿಯೇ ತಿಳಿದೀತು. ಹೆಸರು, ತಂದೆಯ ಹೆಸರು, ಎತ್ತರ, ಇವುಗಳ ಕೆಳಗೆ 'ಗುರುತಿನ ಚಿಹ್ನೆಗಳು' ಎಂಬುದೊಂದು ಸಾಲು ಇರುತ್ತದೆ. ಹಿಂದಿನ ತಲೆಮಾರಿನ ನೌಕರರ ಕಾಗದಗಳಲ್ಲಿ ಆ ಸಾಲಿನ ಮುಂದೆ 'ಮುಖದ ಮೇಲೆ ಸಿಡುಬಿನ ಕಲೆಗಳಿವೆ' ಎಂದು ಬರೆದಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಮೊನ್ನೆ ಅದೇ ಮೇಜಿನ ಮುಂದೆ ಧಾರವಾಡದ ಕಡೆಯ ತಂದೆಯೊಬ್ಬರು ಸಾಲದ ಅರ್ಜಿ ಹಿಡಿದು ನಿಂತಿದ್ದರು. ಸಾಲ ಯಾತಕ್ಕೆಂದು ಕೇಳಿದರೆ, ಸುತ್ತಲಿನ ಮರಾಠಿ ಮಂದಿಗೆ ತಿಳಿಯಬಾರದೆಂದು ಕನ್ನಡದಲ್ಲಿ ದನಿ ತಗ್ಗಿಸಿ, "ಹುಡುಗಿ ಮಾರಿ ಮ್ಯಾಲೆ ಮೊಡವಿ ಕಲಿ ಉಳದಾವ್ರಿ. ಲೇಸರ್ ಮಾಡಸಬೇಕು. ಯುಗಾದಿ ಆದಮ್ಯಾಲೆ ಲಗ್ನ ಅದ" ಎಂದರು. ಸರಕಾರ ಒಂದು ಕಾಲಕ್ಕೆ ಗುರುತೆಂದು ಬರೆದುಕೊಂಡದ್ದನ್ನು ಈಗ ಮನೆಯವರು ಸಾಲ ಮಾಡಿ ಅಳಿಸಲು ಹೊರಟಿದ್ದಾರೆ.

ಸ್ಮರಣ ಸಂಚಿಕೆಗೆ ಇತಿಹಾಸವಿಷಯಕವಾದ ಲೇಖನವೊಂದು ಬೇಕೆಂದು ನಮ್ಮ ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ, ಕದಂಬರನ್ನೂ ಚಾಲುಕ್ಯರನ್ನೂ ನನಗಿಂತ ಚೆನ್ನಾಗಿ ಬಲ್ಲವರ ಪಾಲಿಗೆ ಬಿಟ್ಟು ಈ ವಿಷಯವನ್ನೇ ಕೈಗೆತ್ತಿಕೊಂಡೆ. ಮುಖದ ಚರ್ಮವನ್ನು ಹೆರೆದೋ, ಮದ್ದು ಹಚ್ಚಿ ಸುಲಿದೋ, ಬೆಳಕಿನಿಂದ ಸುಟ್ಟೋ ತೆಗೆದು ಅದರ ಜಾಗದಲ್ಲಿ ಹೊಸ ಚರ್ಮ ಬರಿಸುವ ವಿದ್ಯೆಗೆ ನೂರು ವರ್ಷಕ್ಕೆ ಮಿಕ್ಕಿದ ಚರಿತ್ರೆಯಿದೆ. ಅದನ್ನು ಸಿರಿವಂತ ಹೆಂಗಸರ ಶೋಕಿಯೆಂದು ತಳ್ಳಿಹಾಕುವವರುಂಟು. ಸುಕ್ಕು ತೆಗೆಯುವುದಕ್ಕೂ ಅದು ಬಳಕೆಯಾಯಿತೆಂಬುದು ದಿಟ. ಆದರೆ ಅದರ ಮುಖ್ಯವಾದ ಆಯುಧಗಳು ಹುಟ್ಟಿದ್ದು ಕಲೆ ಬಿದ್ದ ಮುಖಗಳ ಸಲುವಾಗಿ.

ಇಂಥ ಬರಹಗಳನ್ನು ಸುಶ್ರುತನಿಂದ ತೊಡಗುವುದು ನಮ್ಮಲ್ಲಿ ವಾಡಿಕೆ. ನಾನೂ ಆ ವಾಡಿಕೆಯನ್ನು ಮೀರುವುದಿಲ್ಲ, ಏಕೆಂದರೆ ಇಲ್ಲಿ ಅದಕ್ಕೆ ಕಾರಣವಿದೆ. ಸುಶ್ರುತಸಂಹಿತೆಯು ಹೇಳುವ ಎಂಟು ಬಗೆಯ ಶಸ್ತ್ರಕರ್ಮಗಳಲ್ಲಿ 'ಲೇಖನ'ವೂ ಒಂದು. ಅಲ್ಲಿ ಲೇಖನವೆಂದರೆ ಬರೆಯುವುದಲ್ಲ, ಹೆರೆಯುವುದು. ಅದಕ್ಕೆ ಒದಗುವ ವಸ್ತುಗಳ ಪಟ್ಟಿಯಲ್ಲಿ ನಾರುಬಟ್ಟೆ, ಸಮುದ್ರದ ನೊರೆ, ಸೈಂಧವ ಲವಣ, ಒರಟಾದ ಎಲೆಗಳು ಬರುತ್ತವೆ. ಇವೆಲ್ಲ ಹುಣ್ಣು ಗಾಯಗಳ ಚಿಕಿತ್ಸೆಗೆ ಹೇಳಿದವೇ ಹೊರತು ಮುಖದ ಸುಕ್ಕಿಗಲ್ಲ. ಹಾಗಾಗಿ ಎಲ್ಲವೂ ನಮ್ಮಲ್ಲೇ ಇದ್ದಿತೆಂದು ಜಂಬ ಕೊಚ್ಚಲು ಇಲ್ಲಿ ಅವಕಾಶವಿಲ್ಲ. ನನ್ನ ಮನಸ್ಸನ್ನು ಹಿಡಿದದ್ದು ಬೇರೊಂದು ಮಾತು. ಗಾಯಕ್ಕೆ ಮಾಡುವ ಅರುವತ್ತು ಉಪಚಾರಗಳಲ್ಲಿ ಸುಶ್ರುತನು ಕೃಷ್ಣಕರ್ಮ, ಪಾಂಡುಕರ್ಮ ಎಂಬ ಎರಡನ್ನು ಹೇಳುತ್ತಾನೆ. ಮಾಯ್ದ ಗಾಯ ಬೆಳ್ಳಗೆ ಉಳಿದರೆ ಅದನ್ನು ಕಪ್ಪಾಗಿಸುವುದು ಒಂದು, ಕಪ್ಪಗೆ ಉಳಿದರೆ ಬೆಳ್ಳಗಾಗಿಸುವುದು ಇನ್ನೊಂದು. ಗಾಯ ಕೂಡಿದರೆ ಸಾಲದು, ಬಣ್ಣವೂ ಸುತ್ತಣ ಚರ್ಮದೊಡನೆ ಕೂಡಬೇಕೆಂದು ಆತ ಬಗೆದಿದ್ದನು. ಬಿಳಿಯ ತೊಗಲಿನ ನಾಡುಗಳ ವೈದ್ಯರಿಗೆ ಈ ವಿಚಾರ ಬಹುಕಾಲ ಅಷ್ಟಾಗಿ ತಟ್ಟಲಿಲ್ಲ. ನಮ್ಮಂಥ ಎಣ್ಣೆಗಪ್ಪಿನ ಮೈಬಣ್ಣದವರಿಗೆ ಮಾತ್ರ ಇಡೀ ವಿಷಯದ ತಿರುಳೇ ಅದು.

ಇನ್ನು ಸಿಡುಬು. ಅದರ ಘೋರವಾದ ಬಗೆಯು ತಗುಲಿದ ಹತ್ತು ಮಂದಿಯಲ್ಲಿ ಸುಮಾರು ಮೂವರು ಸಾಯುತ್ತಿದ್ದರು. ಉಳಿದವರಲ್ಲಿ ಹೆಚ್ಚಿನವರ ಮುಖದ ಮೇಲೆ ಗುಳಿಗಳು ಜೀವವಿರುವವರೆಗೂ ನಿಲ್ಲುತ್ತಿದ್ದವು. 'ಅಮ್ಮ ಬಂದು ಹೋದ ಮುಖ' ಎಂದು ನಮ್ಮ ಹಳ್ಳಿಗಳಲ್ಲಿ ಮೆಲ್ಲಗೆ ಹೇಳುತ್ತಿದ್ದರು. ದೇವಿಯ ಹೆಸರಾದ್ದರಿಂದ ನಿಂದಿಸುವಂತಿರಲಿಲ್ಲ. ಆದರೆ ಹೆಣ್ಣು ನೋಡಲು ಬಂದವರು ಎದ್ದು ಹೋಗುವುದಕ್ಕೆ ಅದು ಅಡ್ಡಿಯಾಗಲಿಲ್ಲ. ಮೈಯೆಲ್ಲ ಎದ್ದ ಗುಳ್ಳೆಗಳು ಮುಖದಲ್ಲಿಯೇ ಏಕೆ ಹೆಚ್ಚಾಗಿ ಗುಳಿ ಬಿಡಬೇಕು? ಮುಖದ ಚರ್ಮದಲ್ಲಿ ಎಣ್ಣೆಯೂರುವ ಗ್ರಂಥಿಗಳು ಬಹಳ. ರೋಗವು ಅವುಗಳನ್ನು ಹಾಳುಗೆಡವಿದಾಗ ಆ ಜಾಗದಲ್ಲಿ ಚರ್ಮ ಕುಸಿದು ಕುಳಿ ಬೀಳುತ್ತದೆ. ಈ ಎಣ್ಣೆಯ ಗ್ರಂಥಿಗಳನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅವುಗಳಿಗೆ ದೊಡ್ಡ ಪಾತ್ರವಿದೆ.

ಈ ರೋಗದ ಅಂಜಿಕೆ ಅರಮನೆಯನ್ನೂ ಬಿಟ್ಟಿರಲಿಲ್ಲ. ಇಂಗ್ಲೆಂಡಿನ ಜೆನ್ನರನು ೧೭೯೬ರಲ್ಲಿ ಕಂಡುಹಿಡಿದ ಗೋಸಿಡುಬಿನ ದಾಕು ೧೮೦೨ರ ಜೂನಿನಲ್ಲಿ ಮುಂಬಯಿಗೆ ಬಂದಿತು. ಅಲ್ಲಿ ಮೂರು ವರ್ಷದ ಒಂದು ಹೆಣ್ಣುಮಗುವಿಗೆ ಮೊದಲು ಹಾಕಿ, ತೋಳಿನಿಂದ ತೋಳಿಗೆ ದಾಟಿಸುತ್ತ ಒಳನಾಡಿಗೆ ಸಾಗಿಸಿದರು. ಮೂರು ವರ್ಷಗಳ ತರುವಾಯ, ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಥಾಮಸ್ ಹಿಕಿ ಎಂಬ ಐರಿಷ್ ಚಿತ್ರಕಾರನು ಮೈಸೂರಿನ ಮೂವರು ರಾಜಸ್ತ್ರೀಯರ ದೊಡ್ಡ ಚಿತ್ರವೊಂದನ್ನು ಬರೆದನು. ಬಲಗಡೆಯ ಕಿರಿಯ ರಾಣಿ ಸೀರೆಯ ಸೆರಗನ್ನು ತುಸು ಸರಿಸಿ ತನ್ನ ತೋಳನ್ನು ತೋರುವಂತೆ ನಿಂತಿದ್ದಾಳೆ. ಎಡಗಡೆಯವಳ ಮೂಗಿನ ಕೆಳಗೂ ಬಾಯಿಯ ಸುತ್ತಲೂ ಬಣ್ಣಗೆಟ್ಟ ಗುರುತಿದೆ. ಒಬ್ಬಳು ಹೊಸ ದಾಕು ಹಾಕಿಸಿಕೊಂಡವಳು, ಇನ್ನೊಬ್ಬಳು ಸಿಡುಬಿನ ಕೀವನ್ನೇ ಹಚ್ಚುವ ಹಳೆಯ ಪದ್ಧತಿಗೆ ಒಳಗಾದವಳು. ಪ್ರಜೆಗಳು ದಾಕಿಗೆ ಅಂಜದಿರಲೆಂದೇ ಈ ಚಿತ್ರ ಎಂದು ಕೇಂಬ್ರಿಜಿನ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ರಾಜವಂಶದ ಚಿತ್ರಗಳಲ್ಲಿ ಮುಖದ ಕುಂದನ್ನು ಮರೆಸುವುದೇ ರೂಢಿ. ಇಲ್ಲಿ ಅದನ್ನು ಬೇಕೆಂದೇ ಕಾಣಿಸಿದ್ದಾನೆಂಬುದು ಸೋಜಿಗದ ಸಂಗತಿಯಲ್ಲವೆ?

ದಾಕು ಬರಲಿರುವ ಕಲೆಯನ್ನು ತಡೆಯಿತು. ಬಿದ್ದ ಕಲೆಗೆ ಅದರಿಂದ ಉಪಾಯವಿರಲಿಲ್ಲ. ಆ ಉಪಾಯವನ್ನು ಮೊದಲು ಸರಿಯಾದ ದಾರಿಯಲ್ಲಿ ಹುಡುಕಿದವನು ಜರ್ಮನಿಯ ಚರ್ಮವೈದ್ಯ ಅರ್ನ್ಸ್ಟ್ ಕ್ರೋಮಾಯರ್. ಹಲ್ಲಿನ ವೈದ್ಯರು ಹಲ್ಲು ಕೊರೆಯಲು ಬಳಸುತ್ತಿದ್ದ ತಿರುಗು ಯಂತ್ರಕ್ಕೆ ಚಿಕ್ಕ ಅರಗಳನ್ನೂ ಉರುಳೆಯಾಕಾರದ ಕತ್ತಿಗಳನ್ನೂ ಜೋಡಿಸಿ ಅವನು ಮುಖದ ಕಲೆಗಳನ್ನು ಹೆರೆದನು. ೧೯೦೫ರಲ್ಲಿ ಅದನ್ನು ಕುರಿತು ಬರೆದನು. ಯಂತ್ರಕ್ಕಿಂತ ದೊಡ್ಡದು ಅವನು ಕಂಡುಕೊಂಡ ನಿಯಮ. ಒಂದು ಆಳದವರೆಗೆ ಹೆರೆದರೆ ಚರ್ಮ ಕಲೆಯಿಲ್ಲದೆ ಮಾಯುತ್ತದೆ. ಅದನ್ನು ದಾಟಿದರೆ ಹಳೆಯ ಕಲೆಯ ಬದಲು ಹೊಸ ಕಲೆ ಬೀಳುತ್ತದೆ.

ಈ ನಿಯಮದ ಗುಟ್ಟನ್ನು ತುಸು ಬಿಡಿಸಿ ಹೇಳಬೇಕು. ನಮ್ಮ ಚರ್ಮಕ್ಕೆ ಎರಡು ಪದರ. ಹೊರಚರ್ಮವು ಮುಖದಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ಮಾತ್ರ ದಪ್ಪ. ಅದರ ಕೆಳಗಿನದು ಒಳಚರ್ಮ. ಕೂದಲಿನ ಬೇರಿನ ಚೀಲಗಳೂ ಮೇಲೆ ಹೇಳಿದ ಎಣ್ಣೆಯ ಗ್ರಂಥಿಗಳೂ ಹೊರಚರ್ಮದ ಕೋಶಗಳಿಂದಲೇ ಆಗಿ, ಕೊಳವೆಗಳಂತೆ ಒಳಚರ್ಮದೊಳಕ್ಕೆ ಇಳಿದಿರುತ್ತವೆ. ಮೇಲಿನ ಪದರವನ್ನೆಲ್ಲ ಹೆರೆದುಹಾಕಿದರೂ ಈ ಕೊಳವೆಗಳ ಬುಡ ಉಳಿದಿದ್ದರೆ, ಬೆಳೆ ಕೊಯ್ದ ಗದ್ದೆಯಲ್ಲಿ ಕೂಳೆ ಚಿಗುರುವಂತೆ ಹೊಸ ಹೊರಚರ್ಮ ಅಲ್ಲಿಂದ ಎದ್ದು ಏಳರಿಂದ ಹತ್ತು ದಿನಗಳಲ್ಲಿ ಮುಖವನ್ನೆಲ್ಲ ಮುಚ್ಚುತ್ತದೆ. ಬುಡವೂ ಹೋದರೆ ಚಿಗುರಲು ಏನೂ ಇರುವುದಿಲ್ಲ. ನಾರು ಕಟ್ಟಿ ಕಲೆಯಾಗುತ್ತದೆ. ಕತ್ತಿನ ಮೇಲೂ ಕೈಯ ಹಿಂಬದಿಯ ಮೇಲೂ ಈ ಗ್ರಂಥಿಗಳು ವಿರಳವಾದ್ದರಿಂದ ಮುಖಕ್ಕೆ ಒಗ್ಗುವ ಚಿಕಿತ್ಸೆ ಅಲ್ಲಿ ಒಗ್ಗುವುದಿಲ್ಲ.

ಹಾಗಾದರೆ ಅಳತೆಗೋಲಿಲ್ಲದೆ ಆಳವನ್ನು ಅರಿಯುವುದೆಂತು? ರಕ್ತವೇ ಅಳತೆ. ಹೊರಚರ್ಮದಲ್ಲಿ ರಕ್ತನಾಳಗಳಿಲ್ಲ, ಅದು ಹೋಗುವಾಗ ರಕ್ತ ಬರುವುದಿಲ್ಲ. ಒಳಚರ್ಮದ ಮೇಲ್ಭಾಗವನ್ನು ಮುಟ್ಟಿದೊಡನೆ ಸೂಜಿಯ ಮೊನೆಯಷ್ಟು ಚಿಕ್ಕ ರಕ್ತದ ಚುಕ್ಕೆಗಳು ಮೂಡುತ್ತವೆ. ಚುಕ್ಕೆಗಳು ದೊಡ್ಡವಾಗಿ, ನಡುವೆ ಬಿಳಿಯ ನಾರಿನೆಳೆಗಳು ಕಾಣತೊಡಗಿದರೆ ಅಲ್ಲಿಗೆ ಕೈಯನ್ನು ನಿಲ್ಲಿಸಲೇಬೇಕು. ಇದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ದೋಸೆಯ ಹದ ಅರಿತ ಕೈಗೆ ಹೇಗೋ ಹಾಗೆ, ಕಣ್ಣಿಗೂ ಕೈಗೂ ಅಭ್ಯಾಸವಾಗಬೇಕಾದದ್ದು.

ಕ್ರೋಮಾಯರನ ಮಾತಿಗೆ ಆಗ ಹೆಚ್ಚು ಮಂದಿ ಕಿವಿಗೊಡಲಿಲ್ಲ. ವಿಷಯ ಮತ್ತೆ ತಲೆಯೆತ್ತಿದ್ದು ಎರಡನೆಯ ಮಹಾಯುದ್ಧದ ಬಳಿಕ, ಅಮೆರಿಕಾದಲ್ಲಿ. ಸಿಡಿತದಿಂದಲೋ ಅಪಘಾತದಿಂದಲೋ ಮದ್ದಿನ ಪುಡಿ, ಮಣ್ಣಿನ ಕಣ ಮುಖಕ್ಕೆ ನೆಟ್ಟು ಹಚ್ಚೆ ಚುಚ್ಚಿದಂತೆ ಉಳಿದವರಿದ್ದರು. ಅಂಥ ಗುರುತುಗಳನ್ನು ಬಡಗಿಗಳು ಮರಕ್ಕೆ ಉಜ್ಜುವ ಮರಳುಕಾಗದದಿಂದ ಉಜ್ಜಿ ತೆಗೆದುದನ್ನು ಪ್ರೆಸ್ಟನ್ ಐವರ್‌ಸನ್ ೧೯೪೭ರಲ್ಲಿ ಪ್ರಕಟಿಸಿದನು. ಕಾಗದವನ್ನು ಕ್ರಿಮಿಶುದ್ಧಗೊಳಿಸಿದ್ದರೆಂದು ಬೇರೆ ಹೇಳಬೇಕಾಗಿಲ್ಲ. ಅದು ಸಾಗಿತು, ಆದರೆ ಮರಳಿನ ಕಣಗಳು ಚರ್ಮದಲ್ಲಿ ಸಿಕ್ಕಿ ಗಂಟಾಗುವ ಭಯವಿದ್ದಿತು. ನ್ಯೂಯಾರ್ಕಿನ ಆಬ್ನರ್ ಕರ್ಟಿನ್ ೧೯೫೩ರಲ್ಲಿ ಕ್ರೋಮಾಯರನ ತಿರುಗು ಯಂತ್ರಕ್ಕೆ ಮರಳಿ, ಅದರ ತುದಿಗೆ ಸಣ್ಣ ತಂತಿಗಳ ಬ್ರಷ್ ಜೋಡಿಸಿದನು. ಮೊಡವೆಯ ಕಲೆಗಳಿಗೆ ಅವನ ಈ ವಿಧಾನ ಬಹು ಬೇಗ ಹೆಸರಾಯಿತು. ಮೂರೇ ವರ್ಷಗಳಲ್ಲಿ ಜೇಮ್ಸ್ ಬರ್ಕ್ಸ್ ಎಂಬ ವೈದ್ಯನು ತಂತಿಬ್ರಷ್ ಶಸ್ತ್ರಕ್ರಿಯೆಯ ಮೇಲೆ ಒಂದು ಪುಸ್ತಕವನ್ನೇ ಬರೆದನು. ತಂತಿಯ ಬ್ರಷ್ ವೇಗವಾಗಿ ಕೆಲಸ ಮಾಡಿದರೂ ಹತೋಟಿ ತಪ್ಪಿದರೆ ಬಗೆದುಬಿಡುವಂಥದು. ವಜ್ರದ ಹರಳಪುಡಿ ಅಂಟಿಸಿದ ಚಿಕ್ಕ ಚಕ್ರಗಳು ಬಂದ ಮೇಲೆ ಹಲವರು ಅವನ್ನೇ ಹಿಡಿದರು.

ಮೆತ್ತನೆಯ ಕೆನ್ನೆಯ ಮೇಲೆ ಯಂತ್ರ ತಿರುಗಿದರೆ ಚರ್ಮ ಜಾರುತ್ತದೆ, ಸುತ್ತಿಕೊಳ್ಳುತ್ತದೆ. ಅದಕ್ಕಾಗಿ ಕರ್ಟಿನ್ ಈಥೈಲ್ ಕ್ಲೋರೈಡ್ ಸಿಂಪಡಿಸಿ ಚರ್ಮವನ್ನು ಮಂಜುಗಡ್ಡೆಯಂತೆ ಗಟ್ಟಿಮಾಡಿಕೊಳ್ಳುತ್ತಿದ್ದನು. ಇದರಿಂದ ನೋವೂ ಮರೆಯುತ್ತಿತ್ತು, ಗುಳಿಗಳ ಆಕಾರವೂ ಹಾಗೆಯೇ ನಿಲ್ಲುತ್ತಿತ್ತು. ಆದರೆ ಈ ದ್ರವ ಬೇಗ ಬೆಂಕಿ ಹತ್ತುವಂಥದು. ಅದರ ಜಾಗಕ್ಕೆ ಶೀತಕ ಯಂತ್ರಗಳಲ್ಲಿ ಬಳಸುವ ಫ್ರಿಯಾನ್ ಜಾತಿಯ ಅನಿಲಗಳು ಬಂದವು. ಅವು ಆಕಾಶದ ಓಜೋನ್ ಪದರವನ್ನು ತಿನ್ನುವುದು ಗೊತ್ತಾಗಿ, ೧೯೮೭ರ ಮಾಂಟ್ರಿಯಲ್ ಒಪ್ಪಂದದ ತರುವಾಯ ಅವೂ ಹಿಂದೆ ಸರಿದವು. ಅದೇ ದಶಕದಲ್ಲಿ ಏಡ್ಸ್ ರೋಗ ಕಾಣಿಸಿಕೊಂಡಿತು. ತಿರುಗುವ ಚಕ್ರವು ರೋಗಿಯ ರಕ್ತವನ್ನು ತುಂತುರಾಗಿ ಕೋಣೆಯ ಗಾಳಿಗೆಲ್ಲ ಎರಚುತ್ತದೆ. ವೈದ್ಯರು ಹಿಂಜರಿದುದರಲ್ಲಿ ಆಶ್ಚರ್ಯವೇನು?

ಮದ್ದು ಹಚ್ಚಿ ಸುಲಿಯುವ ದಾರಿ ಇದಕ್ಕೆ ಸಮಾನಾಂತರವಾಗಿ ನಡೆದಿತ್ತು. ಹ್ಯಾಂಬರ್ಗಿನ ಉನ್ನಾ ಎಂಬ ವೈದ್ಯನು ೧೮೮೨ರಲ್ಲಿಯೇ ಸ್ಯಾಲಿಸಿಲಿಕ್ ಆಮ್ಲ ಮೊದಲಾದ ಮದ್ದುಗಳನ್ನು ವಿವರಿಸಿದ್ದನು. ನ್ಯೂಯಾರ್ಕಿನ ಮೆಕೀ ೧೯೦೩ರಿಂದ ಮೊಡವೆಯ ಕಲೆಗಳಿಗೆ ಕಾರ್ಬಾಲಿಕ್ ಆಮ್ಲವನ್ನು, ಎಂದರೆ ಫೀನಾಲನ್ನು, ಹಚ್ಚುತ್ತಿದ್ದು, ಅದನ್ನು ಪ್ರಕಟಿಸಿದ್ದು ೧೯೫೨ರಲ್ಲಿ! ಈ ನಡುವೆ ಹಾಲಿವುಡ್ಡಿನಲ್ಲಿಯೂ ಮಯಾಮಿಯಲ್ಲಿಯೂ ವೈದ್ಯರಲ್ಲದ ಕೆಲವರು ಗುಟ್ಟಿನ ಮದ್ದು ಹಚ್ಚಿ ಸುಕ್ಕು ಸುಲಿಯುವ ವ್ಯಾಪಾರ ನಡೆಸಿದರು. ಆ ಬಗೆಯ ಮದ್ದನ್ನು ಬೇಕರ್ ಮತ್ತು ಗಾರ್ಡನ್ ಎಂಬ ಮಯಾಮಿಯ ವೈದ್ಯರು ೧೯೬೧ರ ಹೊತ್ತಿಗೆ ವೈದ್ಯಪತ್ರಿಕೆಗಳಲ್ಲಿ ಬಯಲಿಗಿಟ್ಟರು. ಫೀನಾಲು, ನೀರು, ಸಾಬೂನು, ಜೊತೆಗೆ ಮೂರು ಹನಿ ಜಾಪಾಳದ ಎಣ್ಣೆ. ಜಾಪಾಳವೆಂದರೆ ನಮ್ಮ ಹಿರಿಯರು ಭೇದಿಗೆಂದು ಅಂಜುತ್ತ ಅಂಜುತ್ತ ಕೊಡುತ್ತಿದ್ದ ಅದೇ ಬೀಜ. ಸುಲಿಯುವುದೆಲ್ಲ ಫೀನಾಲೇ ಎಂದು ನಾಲ್ಕು ದಶಕ ನಂಬಿದ್ದರು. ೨೦೦೦ದಲ್ಲಿ ಗ್ರೆಗರಿ ಹೆಟರ್ ಎಂಬವರು, ಎಷ್ಟು ಆಳ ಸುಲಿಯಬೇಕೆಂಬುದನ್ನು ನಿರ್ಧರಿಸುವುದು ಹೆಚ್ಚಾಗಿ ಜಾಪಾಳದ ಎಣ್ಣೆಯೆಂದು ತೋರಿಸಿದರು. ಫೀನಾಲು ರಕ್ತಕ್ಕೆ ಸೇರಿ ಹೃದಯದ ಬಡಿತವನ್ನು ಕೆಡಿಸಬಲ್ಲದು. ಆದ್ದರಿಂದ ಮುಖವನ್ನು ಭಾಗ ಭಾಗವಾಗಿ, ನಡುನಡುವೆ ತಡೆದು, ಹೃದಯದ ಗತಿಯನ್ನು ಯಂತ್ರದಲ್ಲಿ ನೋಡುತ್ತ ಮಾಡಬೇಕಾಗುತ್ತದೆ. ಕಪ್ಪು ಮೈಬಣ್ಣದವರಿಗೆ ಅದು ಮಾಸದ ಬಿಳುಪನ್ನು ತರುವುದರಿಂದ ನಮ್ಮವರು ಅದರ ಗೊಡವೆಗೆ ಹೋಗದಿರುವುದೇ ಒಳ್ಳೆಯದು.

ಇನ್ನು ಬರುವ ಭಾಗ ಪುಣೆಯಲ್ಲಿ ನೆಲಸಿರುವ ನಮಗೆ ಹತ್ತಿರದ್ದು. ಬಾರಾಮತಿಯಲ್ಲಿ ೧೯೩೮ರಲ್ಲಿ ಹುಟ್ಟಿದ ಕುಮಾರ್ ಪಟೇಲ್ ಎಂಬವರು ನಮ್ಮ ಈ ಊರಿನ ಇಂಜಿನಿಯರಿಂಗ್ ಕಾಲೇಜಿನಿಂದ ೧೯೫೮ರಲ್ಲಿ ಪದವಿ ಪಡೆದು, ಅಮೆರಿಕಾದ ಸ್ಟ್ಯಾನ್‌ಫರ್ಡಿಗೆ ಹೋದರು. ಅಲ್ಲಿಂದ ಬೆಲ್ ಪ್ರಯೋಗಶಾಲೆಯನ್ನು ಸೇರಿ, ೧೯೬೪ರಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರನ್ನು ರಚಿಸಿದರು. ಕಣ್ಣಿಗೆ ಕಾಣದ ಈ ಕಿರಣದ ತರಂಗದ ಅಳತೆ ೧೦,೬೦೦ ನ್ಯಾನೋಮೀಟರ್. ಅದನ್ನು ನೀರು ತಟ್ಟನೆ ಹೀರಿಕೊಳ್ಳುತ್ತದೆ. ನಮ್ಮ ಚರ್ಮದಲ್ಲಿ ಬಹುಪಾಲು ನೀರೇ ಆದ್ದರಿಂದ ಕಿರಣ ಬಿದ್ದ ಪದರ ಆವಿಯಾಗಿ ಹೋಗುತ್ತದೆ. ಲೋಹ ಕತ್ತರಿಸುವುದಕ್ಕೂ ಇದೇ ಲೇಸರು, ಮುಖದ ಕಲೆಗೂ ಇದೇ. ಪಿಂಪರಿ ಚಿಂಚವಡದ ಕಾರಖಾನೆಗಳಲ್ಲಿ ದುಡಿಯುವ ನಮ್ಮ ಬಳಗದವರಿಗೆ ಇದು ಹೊಸ ಸುದ್ದಿಯೇನಲ್ಲ.

ಮೊದಲು ಇದನ್ನು ಚರ್ಮದ ಮೇಲೆ ಎಡೆಬಿಡದ ಕಿರಣವಾಗಿ ಹಾಯಿಸಿದಾಗ ಕಾವು ಕೆಳಕ್ಕಿಳಿದು ಬೆಂದ ಗಾಯದ ಕಲೆಗಳಾದವು. ೧೯೮೩ರಲ್ಲಿ ಬಾಸ್ಟನ್ನಿನ ಆಂಡರ್ಸನ್ ಮತ್ತು ಪ್ಯಾರಿಷ್ ಒಂದು ಸೂತ್ರವನ್ನು ಮುಂದಿಟ್ಟರು. ಕಾವು ಪಕ್ಕಕ್ಕೆ ಹರಡುವುದಕ್ಕೆ ಇಂತಿಷ್ಟು ಹೊತ್ತು ಬೇಕು. ಅದಕ್ಕೂ ಮೊದಲೇ ಕಿರಣವನ್ನು ನಿಲ್ಲಿಸಿದರೆ ಸುಡಬೇಕಾದದ್ದು ಮಾತ್ರ ಸುಡುತ್ತದೆ. ಕಾದ ಹೆಂಚನ್ನು ಬೆರಳ ತುದಿಯಿಂದ ತಟ್ಟನೆ ಮುಟ್ಟಿ ಹಿಂದೆಗೆಯುವ ಅಡುಗೆಯವರಿಗೆ ಈ ಸೂತ್ರ ಚೆನ್ನಾಗಿ ಗೊತ್ತು. ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಚಿಕ್ಕ ಮಿಡಿತಗಳಾಗಿ ಕಿರಣ ಬಿಡುವ ಯಂತ್ರಗಳು ೧೯೯೦ರ ಬಳಿಕ ಬಂದಾಗ ತಂತಿಬ್ರಷ್ಷಿನ ಕಾಲ ಹೆಚ್ಚುಕಡಿಮೆ ಮುಗಿಯಿತು. ೨೦೦೪ರಲ್ಲಿ ಬಾಸ್ಟನ್ನಿನಿಂದಲೇ ಇನ್ನೊಂದು ಸುಧಾರಣೆ ಬಂದಿತು. ಮುಖವನ್ನೆಲ್ಲ ಸುಡುವ ಬದಲು ಜರಡಿಯ ತೂತುಗಳಂತೆ ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕೆಗಳನ್ನು ಮಾತ್ರ ಸುಟ್ಟು, ನಡುವಣ ಚರ್ಮವನ್ನು ಹಾಗೆಯೇ ಬಿಡುವುದು. ಉಳಿದ ಚರ್ಮವೇ ಗಾಯವನ್ನು ಬೇಗ ಮುಚ್ಚುತ್ತದೆ.

ಇಷ್ಟರಲ್ಲಿ ಸಿಡುಬೇ ಇಲ್ಲವಾಗಿತ್ತು. ಭಾರತದಲ್ಲಿ ೧೯೭೫ರ ಮೇ ತಿಂಗಳಿನ ಈಚೆಗೆ ಅದು ಕಾಣಿಸಿಕೊಂಡಿಲ್ಲ. ೧೯೮೦ರಲ್ಲಿ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ಸಾರಿದರು. ಇಂದು ನಮ್ಮಲ್ಲಿ ಸಿಡುಬಿನ ಗುಳಿಯುಳ್ಳ ಯಾರನ್ನೇ ನೋಡಿದರೂ ಅವರ ವಯಸ್ಸು ಅರ್ಧ ಶತಮಾನ ದಾಟಿದೆಯೆಂದು ಹೇಳಬಹುದು. ಅವರಲ್ಲಿ ಅನೇಕರಿಗೆ ಈ ಚಿಕಿತ್ಸೆಯ ಹೆಸರೂ ತಿಳಿದಿರಲಿಲ್ಲ, ತಿಳಿದಿದ್ದರೂ ಕೈಗೆಟುಕುವಂತಿರಲಿಲ್ಲ. ಮುಖಕ್ಕೆ ಅರಿಸಿನ ಹಚ್ಚಿಕೊಂಡು ಅವರು ಬದುಕು ಸಾಗಿಸಿದರು. ಯಂತ್ರಗಳು ಚೆನ್ನಾಗಿ ಪಳಗುವ ಹೊತ್ತಿಗೆ ಎದುರಿಗಿದ್ದವರು ಮೊಡವೆಯ ಕಲೆಯವರು, ಸುಟ್ಟ ಗಾಯದವರು, ಪಶ್ಚಿಮದಲ್ಲಂತೂ ಬಿಸಿಲಿಗೆ ಸುಕ್ಕುಬಿದ್ದ ಬಿಳಿಯ ಮುಖದವರು. ನಮ್ಮ ಚರ್ಮದ ಕಪ್ಪು ಬಣ್ಣ ಬಿಸಿಲನ್ನು ತಡೆಯುವುದರಿಂದ ನಮಗೆ ಸುಕ್ಕು ತಡವಾಗಿ ಬರುತ್ತದೆ. ಆ ಬಣ್ಣವೇ ಚಿಕಿತ್ಸೆಯ ಹೊತ್ತಿಗೆ ತೊಡಕೂ ಆಗುತ್ತದೆ.

ಕಂದು ಚರ್ಮಕ್ಕೆ ಗಾಯವಾದರೆ ಅದು ಬಣ್ಣವನ್ನು ಮಿತಿಮೀರಿ ಸುರಿಯುತ್ತದೆ. ಸೊಳ್ಳೆ ಕಚ್ಚಿದ ಜಾಗ ತಿಂಗಳುಗಟ್ಟಲೆ ಕಪ್ಪಾಗಿ ಉಳಿಯುವುದನ್ನು ನಾವೆಲ್ಲ ನೋಡಿಲ್ಲವೆ? ಲೇಸರಿನ ತರುವಾಯವೂ ಹಾಗೆಯೇ. ಕೆಲವು ವಾರಗಳಲ್ಲಿ ಕಪ್ಪು ಮಚ್ಚೆಗಳು ಮೂಡುತ್ತವೆ. ಅವು ತಿಂಗಳುಗಳಲ್ಲಿ ಮೆಲ್ಲಗೆ ಮಾಸುತ್ತವೆ. ಆಳ ಹೆಚ್ಚಾಗಿ ಬಣ್ಣದ ಕೋಶಗಳೇ ಸತ್ತರೆ ಬರುವ ಬಿಳುಪು ಮಾತ್ರ ಹಾಗೆ ಮಾಸುವುದಿಲ್ಲ. ಚರ್ಮದ ಬಣ್ಣವನ್ನು ವರ್ಗ ಮಾಡಲು ಜಗತ್ತಿನ ವೈದ್ಯರೆಲ್ಲ ಬಳಸುವ ಫಿಟ್ಸ್‌ಪ್ಯಾಟ್ರಿಕ್ ಪಟ್ಟಿ ೧೯೭೫ರಲ್ಲಿ ಹುಟ್ಟಿದಾಗ ಅದರಲ್ಲಿದ್ದ ನಾಲ್ಕು ವರ್ಗಗಳೂ ಬಿಳಿಯರವೇ. ಕಂದು ಮತ್ತು ಕಪ್ಪು ಚರ್ಮಕ್ಕೆ ಐದನೆಯ ಆರನೆಯ ಮನೆಗಳನ್ನು ಆಮೇಲೆ ಸೇರಿಸಿದರು. ಲೆಕ್ಕದ ಪುಸ್ತಕದಲ್ಲಿ ಅರ್ಧಕ್ಕಿಂತ ಹೆಚ್ಚು ಖಾತೆದಾರರ ಹೆಸರನ್ನು ಕೊನೆಯ ಹಾ‍ಳೆಗೆ ಅಂಟಿಸಿದಂತಾಯಿತು. ನಮ್ಮ ಬಳಗದ ಹುಡುಗಿಯೊಬ್ಬಳು ಅಗ್ಗದ ದರಕ್ಕೆ ಮರುಳಾಗಿ, ವೈದ್ಯರೇ ಇಲ್ಲದ ಒಂದು ಅಂಗಡಿಯಲ್ಲಿ ಕೆನ್ನೆ ಸುಲಿಸಿಕೊಂಡು, ಮೊಡವೆಯ ಕಲೆಗಿಂತ ದೊಡ್ಡ ಕಪ್ಪು ಮಚ್ಚೆಗಳನ್ನು ವರ್ಷಕ್ಕೂ ಮಿಕ್ಕಿ ಹೊತ್ತಳು. ಬಣ್ಣವನ್ನು ಕೇಳದೆ ಆಳವನ್ನಷ್ಟೇ ನೋಡಿದರೆ, ಅಥವಾ ಎರಡನ್ನೂ ನೋಡದಿದ್ದರೆ, ಆಗುವುದು ಇದೇ.

ಬಲ್ಲ ವೈದ್ಯರು ಈಗ ಅನುಸರಿಸುವ ಕ್ರಮ ಬೇರೆ. ಒಂದೇ ಸಲಕ್ಕೆ ಆಳಕ್ಕಿಳಿಯದೆ, ಜರಡಿಯ ಬಗೆಯ ಲೇಸರನ್ನು ಹಗುರವಾಗಿ, ತಿಂಗಳು ತಿಂಗಳ ಅಂತರದಲ್ಲಿ ಹಲವು ಸಲ ಬಿಡುತ್ತಾರೆ. ಮೊಡವೆಗೆ ಐಸೋಟ್ರೆಟಿನಾಯಿನ್ ಗುಳಿಗೆ ನುಂಗುತ್ತಿದ್ದೀರಾ ಎಂದು ಕೇಳುತ್ತಾರೆ. ಅದನ್ನು ನುಂಗುವವರಲ್ಲಿ ಆಳವಾಗಿ ಹೆರೆದಾಗ ಗಂಟುಕಲೆ ಎದ್ದ ವರದಿಗಳು ೧೯೮೦ರ ದಶಕದಲ್ಲಿ ಬಂದಿದ್ದವು. ಹಿಂದೆ ಕಿವಿ ಚುಚ್ಚಿಸಿದಾಗ ಗಂಟು ಬೆಳೆದಿತ್ತೇ ಎಂದೂ ವಿಚಾರಿಸುತ್ತಾರೆ. ಗುಳಿ ಪೂರ್ತಿ ಹೋಗುವುದೆಂದು ಮಾತು ಕೊಡುವುದಿಲ್ಲ. ಗುಳಿ ಕಾಣುವುದು ಅದರ ಅಂಚು ಬೀರುವ ನೆರಳಿನಿಂದ. ಅಂಚು ಇಳಿಜಾರಾದರೆ ನೆರಳು ತಗ್ಗುತ್ತದೆ, ಅಷ್ಟೇ. ಸೂಜಿಯಿಂದ ಚುಚ್ಚಿದಂತೆ ಆಳಕ್ಕಿಳಿದ ಗುಳಿಗಳಿಗೆ ಈ ಚಿಕಿತ್ಸೆ ಸಾಲದು, ಬೇರೆ ಉಪಾಯ ಬೇಕು. ಹೊಸ ಚರ್ಮ ಕೆಲವು ವಾರ, ಕೆಲವರಿಗೆ ತಿಂಗಳುಗಳು, ಎಳೆಯ ಕೆಂಪಾಗಿರುತ್ತದೆ. ಅಷ್ಟು ಕಾಲವೂ ಬಿಸಿಲು ತಾಕಿಸಬಾರದು. ಇದಕ್ಕೆಲ್ಲ ಮೊದಲು ಕಿವಿಯ ಹಿಂದೆಯೋ ದವಡೆಯ ಅಂಚಿನಲ್ಲೋ ಬಟ್ಟಿನಷ್ಟು ಜಾಗದಲ್ಲಿ ಒಮ್ಮೆ ಮಾಡಿ ನೋಡಿ, ಅಲ್ಲಿಯ ಬಣ್ಣ ಹೇಗೆ ತಿರುಗುತ್ತದೆಂದು ಕೆಲವು ವಾರ ಕಾಯುತ್ತಾರೆ. ಕಾಯಲು ಒಪ್ಪದವರ ಮುಖವನ್ನು ಅವರು ಮುಟ್ಟುವುದಿಲ್ಲ.